ಗಾಡಿಮನೆಯ ಕೆಳಗೆ ಕೆಂಪು ನೀರು

“ತುಳೀಬೇಡ! ಕಾಲು ತೆಗಿ ಆಚೆಗೆ!”

ಅಜ್ಜಿ ಕೂಗಿದ ರಭಸಕ್ಕೆ ಲಾಸ್ಯ ಒಂಟಿಕಾಲಲ್ಲಿ ನಿಂತುಬಿಟ್ಟಳು. ಬೆನ್ನ ಮೇಲೆ ಸ್ಕೂಲ್ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಎಡಗಾಲು ಗಾಳಿಯಲ್ಲಿ.

“ಏನಜ್ಜಿ, ಹಾವಾ?”

“ಹಾವಾಗಿದ್ರೆ ಓಡ್ಸಬೋದಿತ್ತು. ನೋಡಲ್ಲಿ.”

ಗಾಡಿಮನೆಯ ಮುಂದಿನ ಚಕ್ರದ ಪಕ್ಕ, ಸಿಮೆಂಟ್ ನೆಲದ ಮೇಲೆ, ಅಂಗೈಯಗಲ ಕೆಂಪು ಕಂಡಿತು. ಯಾರೋ ಈಗಷ್ಟೇ ಚೆಲ್ಲಿ ಹೋದ ಹಾಗೆ ಅದು ಇನ್ನೂ ಹೊಳೆಯುತ್ತಿತ್ತು.

“ಓಕುಳಿ ನೀರು,” ಎಂದರು ದಾಕ್ಷಾಯಣಮ್ಮಜ್ಜಿ, ದನಿ ತಗ್ಗಿಸಿ. “ಯಾರೋ ಅವರ ಮನೆ ದೃಷ್ಟಿ ತೆಗ್ದು ನಮ್ಮ ಗಾಡಿ ಕೆಳಗೆ ಸುರ್ದವ್ರೆ.”

ಮಗುವಿಗೋ ಹೊಸ ಗಾಡಿಗೋ ದೃಷ್ಟಿ ತಗುಲಿದೆ ಅನ್ನಿಸಿದರೆ, ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿ, ನೀವಾಳಿಸಿ, ಬೀದಿಗೆ ಚೆಲ್ಲುತ್ತಾರಲ್ಲ, ಅದು. ಚೆಲ್ಲಿದ್ದನ್ನು ತುಳಿದವರಿಗೆ ಆ ದೃಷ್ಟಿ ಹೋಗಿ ಅಂಟಿಕೊಳ್ಳುತ್ತದಂತೆ. ಆದ್ದರಿಂದ ತಮ್ಮ ಬಾಗಿಲಲ್ಲಿ ಯಾರೂ ಚೆಲ್ಲಿಕೊಳ್ಳುವುದಿಲ್ಲ. ಬೇರೆಯವರ ಬಾಗಿಲಲ್ಲಿ ಚೆಲ್ಲಿದರೆ ಜಗಳ ಗ್ಯಾರಂಟಿ.

ಇನ್ನು ಗಾಡಿಮನೆಯ ವಿಷಯ. ಅದು ಒಂದು ಕಾಲಕ್ಕೆ ಮಿನಿ ಬಸ್ಸಾಗಿತ್ತು. ಯಾರೋ ಸೀಟುಗಳನ್ನೆಲ್ಲ ಕಿತ್ತು ಒಳಗೆ ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು ಕೂರಿಸಿ ಮನೆ ಮಾಡಿದ್ದರು. ಅವರು ಓಡಾಡಿ ದಣಿದ ಮೇಲೆ ಲಾಸ್ಯಳ ಅಮ್ಮ ಸೌಮ್ಯ ಅದನ್ನು ಕೊಂಡು ತಂದಿದ್ದಳು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಬಾಗಿಲು ಎಳೆದರೆ ಕಿರುಗುಡುತ್ತಿತ್ತು. ಆದರೂ ದಟ್ಟಗಳ್ಳಿಯ ಆ ರಸ್ತೆಯ ಮಕ್ಕಳಿಗೆಲ್ಲ ಅದರ ಮೇಲೆ ಕಣ್ಣು. ಅಜ್ಜಿಗೆ ಅದೇ ಹೆದರಿಕೆ.

ಗಾಡಿ ಉದ್ದ, ಮನೆಯ ಮುಂದಿನ ಜಾಗ ಗಿಡ್ಡ. ಹಾಗಾಗಿ ಅದರ ಮೂತಿ ಪಕ್ಕದ ಮನೆಯ ಗೇಟಿನವರೆಗೂ ಚಾಚಿಕೊಂಡಿತ್ತು. ಪಕ್ಕದ ಮನೆ ಪಂಕಜಜ್ಜಿಯದು. ಅವರ ಮೊಮ್ಮಗಳು ತನ್ಮಯಿ ಲಾಸ್ಯಳ ಕ್ಲಾಸು, ಲಾಸ್ಯಳ ಬೆಂಚು, ಲಾಸ್ಯಳ ಜೀವದ ಗೆಳತಿ. ರಜ ಸಿಕ್ಕ ಕೂಡಲೇ ಗಾಡಿಮನೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವುದೆಂದು ಮಾತಾಗಿತ್ತು. ತನ್ಮಯಿಯೂ ಬರುವವಳು. ಮೇಲಿನ ಮಂಚ ಯಾರಿಗೆ ಎಂಬ ಜಗಳ ಕೂಡ ಆಗಿ ಮುಗಿದಿತ್ತು.

ಅಜ್ಜಿ ಪಂಕಜಜ್ಜಿಯ ಗೇಟಿನ ಕಡೆ ಒಂದು ಸಲ ನೋಡಿದರು, ಅಷ್ಟೆ. ಲಾಸ್ಯಳೂ ಆ ಕಡೆಗೇ ನೋಡಿದಳು.

“ಯಾರೋ ಎಲೆಅಡಿಕೆ ಉಗಿದಿರ್ತಾರೆ, ಬಿಡಿ ಅತ್ತೆ,” ಎಂದು ಅಮ್ಮ ಒಳಗಿನಿಂದಲೇ ಹೇಳಿದಳು.

“ನಿನ್ನೇನೂ ಇತ್ತು ಕಣಮ್ಮ. ಮೊನ್ನೇನೂ ಇತ್ತು. ದಿನಾ ಬಂದು ಅದೇ ಜಾಗಕ್ಕೆ ಉಗೀತಾರಾ?”



* * *

ಅಂದು ಸಂಜೆ ಅಮ್ಮ ಗಾಡಿಗೆ ಡೀಸೆಲ್ ಹಾಕಿಸಲು ಹೊರಟಳು. ಲಾಸ್ಯ ಪಕ್ಕದ ಸೀಟಿನಲ್ಲಿ ಕೂತಳು. ಮೊದಲ ತಿರುವಿನಲ್ಲೇ ಅಮ್ಮನ ಮುಖ ಗಂಟಾಯಿತು.

“ಏನಿದು, ಸ್ಟೇರಿಂಗ್ ಕಲ್ಲಾಗೋಗಿದೆ!”

ಅಮ್ಮ ಎರಡೂ ಕೈಯಲ್ಲಿ ಚಕ್ರವನ್ನು ಎಳೆದಳು. ಎಳೆದಾಗಲೆಲ್ಲ ಗಾಡಿಯ ಹೊಟ್ಟೆಯೊಳಗಿಂದ ‘ಗೊಂಯ್’ ಎಂಬ ನರಳಾಟ ಕೇಳುತ್ತಿತ್ತು. ಬಂಕಿನಿಂದ ಮನೆಗೆ ಬರುವಷ್ಟರಲ್ಲಿ ಅಮ್ಮನ ಹಣೆಯ ಮೇಲೆ ಬೆವರು ಇಳಿದಿತ್ತು. ಇಳಿದವಳೇ ಉದಯಗಿರಿಯ ಮೆಕ್ಯಾನಿಕ್ ಮುನಾವರ್‌ಗೆ ಫೋನ್ ಮಾಡಿದಳು.

“ಭಾನುವಾರ ಬರ್ತಾರಂತೆ. ಅಲ್ಲೀವರೆಗೂ ಗಾಡಿ ಮುಟ್ಟಬೇಡಿ ಅಂದ್ರು,” ಎಂದಳು ಅಮ್ಮ. “ಇದು ಸರಿ ಹೋಗದೆ ನಾನಂತೂ ಬೆಟ್ಟದ ರಸ್ತೆ ಹತ್ತಿಸಲ್ಲ. ಅಲ್ಲಿ ಒಂದೊಂದು ತಿರುವೂ ಬಳೆ ಇದ್ದಂಗಿದೆ.”

“ಟ್ರಿಪ್ ಕ್ಯಾನ್ಸಲ್ಲಾ?” ಎಂದಳು ಲಾಸ್ಯ.

“ನೋಡೋಣ.”

ಅಮ್ಮನ ‘ನೋಡೋಣ’ ಎಂದರೆ ಏನೆಂದು ಲಾಸ್ಯಳಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. “ನಾನು ಹೇಳ್ಲಿಲ್ವಾ? ಚೆನ್ನಾಗಿದ್ದ ಗಾಡಿ. ಕೆಂಪು ನೀರು ಬಿತ್ತು, ಕೈ ಕೊಡ್ತು. ಇನ್ನೇನು ಬೇಕು?”

ಲಾಸ್ಯ ಲೆಕ್ಕ ಹಾಕಿ ನೋಡಿದಳು. ನಿಜವೇ. ಮೊದಲು ಕೆಂಪು ನೀರು, ಆಮೇಲೆ ಗೊಂಯ್. ಪತ್ತೇದಾರಿ ಕತೆಗಳಲ್ಲಿ ಇದಕ್ಕಿಂತ ಕಡಿಮೆ ಸಾಕ್ಷಿಗೇ ಕಳ್ಳರು ಸಿಕ್ಕಿಬೀಳುತ್ತಾರೆ.

* * *

ಮರುದಿನ ಲಾಸ್ಯ ಬೇಗ ಎದ್ದಳು. ಯಾರೂ ಎಬ್ಬಿಸದೆ ಎದ್ದಿದ್ದು ಆ ವರ್ಷದಲ್ಲಿ ಅದೇ ಮೊದಲು. ಕಿಟಕಿಯ ಪರದೆ ಸರಿಸಿ ಒಂದು ಕಣ್ಣು ಮಾತ್ರ ಹೊರಗಿಟ್ಟಳು.

ಪಂಕಜಜ್ಜಿ ಗೇಟು ತೆಗೆದರು. ಕೈಯಲ್ಲಿ ಚೊಂಬು ಇತ್ತು. ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಲಾಸ್ಯಳ ಮನೆಯ ಕಡೆಗೂ ಕತ್ತು ಚಾಚಿ ನೋಡಿದರು. ಆಮೇಲೆ ಗಾಡಿಮನೆಯ ಮೂತಿಯ ಹತ್ತಿರ ಬಗ್ಗಿ, ಚೊಂಬನ್ನು ಬಾಗಿಸಿ ಸುರಿದು, ಸರಸರನೆ ಒಳಗೆ ಹೋಗಿಬಿಟ್ಟರು.

ದಸರಾ ಗೊಂಬೆ ನೋಡಲು ಹೋದಾಗ ಲಾಸ್ಯಳಿಗೆಂದೇ ಎರಡು ಕೊಬ್ಬರಿ ಮಿಠಾಯಿ ಎತ್ತಿಡುತ್ತಿದ್ದ ಪಂಕಜಜ್ಜಿ! ಅವರೇ!

ಅಜ್ಜಿಗೆ ಹೇಳಿದರೆ ಬೀದಿಯಲ್ಲೇ ಕುರುಕ್ಷೇತ್ರ ಆಗುತ್ತದೆ. ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ. ಗುಟ್ಟು ಹೊಟ್ಟೆಯಲ್ಲಿ ಕೂರದೆ ಶಾಲೆಯವರೆಗೂ ಕುಣಿಯುತ್ತಾ ಬಂತು. ಪ್ರೇಯರ್ ಮುಗಿಯುವಷ್ಟರಲ್ಲಿ ಲಾಸ್ಯ ಅದನ್ನು ರಕ್ಷಿತಾಳ ಕಿವಿಯಲ್ಲಿ ಇಳಿಸಿಬಿಟ್ಟಿದ್ದಳು.

“ಯಾರಿಗೂ ಹೇಳ್ಬೇಡ, ಪ್ರಾಮಿಸ್?”

“ಗಾಡ್ ಪ್ರಾಮಿಸ್ ಕಣೇ.”

ರಕ್ಷಿತಾಳ ಗಾಡ್ ಪ್ರಾಮಿಸ್ ಎರಡನೇ ಪೀರಿಯಡ್‌ವರೆಗೆ ಬಾಳಿತು. ಊಟದ ಬೆಲ್ ಹೊಡೆದಾಗ ಇಡೀ ಕ್ಲಾಸಿಗೆ ಗೊತ್ತಾಗಿತ್ತು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ದಪ್ಪವಾಗಿತ್ತು ಕೂಡ. ಹಿಂದಿನ ಬೆಂಚಿನ ಲಿಖಿತ್ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, “ಏಯ್ ತನ್ಮಯಿ, ನಿಮ್ಮಜ್ಜಿ ಮಾಟ ಮಾಡ್ತಾರಂತೆ ಹೌದಾ? ಗಾಡಿ ಕೆಡಿಸ್ಬುಟ್ರಂತೆ?” ಎಂದು ಕೇಳಿದ.

ತನ್ಮಯಿ ಟಿಫನ್ ಬಾಕ್ಸಿನ ಮುಚ್ಚಳ ಹಿಡಿದು ಹಾಗೇ ಕೂತಳು. ಅವಳಿಗೆ ಏನೂ ಅರ್ಥವಾಗಲಿಲ್ಲ. ಸುತ್ತ ನೋಡಿದಳು. ಕೆಲವರು ನಗುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ತನ್ನ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ತನ್ಮಯಿ ಕೊನೆಗೆ ಲಾಸ್ಯಳನ್ನು ನೋಡಿದಳು. ಲಾಸ್ಯ ತನ್ನ ಚಿತ್ರಾನ್ನವನ್ನೇ ನೋಡುತ್ತಿದ್ದಳು.

“ನೀನು ಹೇಳಿದ್ಯಾ?”

“ನಾನು... ನಾನು ಕಣ್ಣಾರೆ ನೋಡ್ದೆ. ನಿಮ್ಮಜ್ಜಿ ಚೊಂಬಲ್ಲಿ ಸುರೀತಿದ್ರು.”

“ನಮ್ಮಜ್ಜಿ ತೊಳೀತಿದ್ರು!” ತನ್ಮಯಿಯ ಕಣ್ಣು ತುಂಬಿತು. “ನಿಮ್ಮಜ್ಜಿನೇ ದಿನಾ ನಮ್ಮ ಗೇಟ್ ಹತ್ರ ಸುರೀತಾರಂತೆ. ಜಗಳ ಆಗುತ್ತೆ ಯಾರಿಗೂ ಹೇಳ್ಬೇಡ ಅಂದಿದ್ರು ಅಜ್ಜಿ. ನಾನು ಯಾರಿಗಾದ್ರೂ ಹೇಳಿದ್ನಾ?”

ಅವಳು ಡಬ್ಬಿ ಮುಚ್ಚಿಕೊಂಡು ಕೈತೊಳೆಯುವ ನಲ್ಲಿಯ ಕಡೆಗೆ ಹೋದಳು. ಮಧ್ಯಾಹ್ನದ ಕ್ಲಾಸಿಗೆ ಬಂದಾಗ ಬೇರೆ ಬೆಂಚಿನಲ್ಲಿ ಕೂತಳು. ಲಾಸ್ಯಳ ಪಕ್ಕದ ಜಾಗ ಖಾಲಿ ಉಳಿಯಿತು. ಬೆಂಚು ಇಷ್ಟು ಉದ್ದ ಇದೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

* * *

‘ಸುಳ್ಳು ಹೇಳ್ತಿದಾಳೆ’ ಎಂದುಕೊಂಡಳು ಲಾಸ್ಯ, ಮನೆಗೆ ಬರುವ ದಾರಿಯಲ್ಲಿ. ಮನೆ ಹತ್ತಿರ ಬರುತ್ತಿದ್ದಂತೆ ಇನ್ನೊಂದು ಯೋಚನೆ ಬಂತು. ‘ಸುಳ್ಳಲ್ಲದಿದ್ರೆ?’

ಅನುಮಾನ ಕೆಟ್ಟದ್ದು. ಒಂದು ಮನೆ ಹೊಕ್ಕರೆ ಪಕ್ಕದ ಮನೆಗೂ ಇಣುಕುತ್ತದೆ. ಸಂಜೆ ಅಜ್ಜಿ ಅರಿಶಿನದ ಡಬ್ಬಿ ತೆಗೆದಾಗ ಲಾಸ್ಯ ಬಾಗಿಲ ಹಿಂದೆ ನಿಂತು ನೋಡಿದಳು. ಅಜ್ಜಿ ಸುಣ್ಣದ ಡಬ್ಬಿ ಮುಟ್ಟಿದಾಗ ಉಸಿರು ಬಿಗಿಹಿಡಿದಳು. ಅಜ್ಜಿ ಅರಿಶಿನವನ್ನು ಸಾರಿಗೆ ಹಾಕಿದರು, ಸುಣ್ಣವನ್ನು ಎಲೆಗೆ ಸವರಿದರು.

“ಏನೇ, ನನ್ನ ಹಿಂದೆ ಹಿಂದೆ ಬೆಕ್ಕಿನಂಗೆ ಸುತ್ತುತಿದೀಯಾ?”

“ಏನಿಲ್ಲ ಅಜ್ಜಿ.”

ತನ್ನ ಅಜ್ಜಿಯ ಮೇಲೇ ಅನುಮಾನ ಪಡುತ್ತಿದ್ದೇನಲ್ಲ ಎಂದು ಲಾಸ್ಯಳಿಗೆ ನಾಚಿಕೆಯಾಯಿತು. ಆದರೂ ಕಣ್ಣು ಮಾತ್ರ ಅಜ್ಜಿಯನ್ನು ಬಿಡಲಿಲ್ಲ.

ಶನಿವಾರ ಸಂಜೆ ಅವಳಿಗೊಂದು ಉಪಾಯ ಹೊಳೆಯಿತು. ರಂಗೋಲಿ ಪುಡಿಯನ್ನೂ ಹಿಟ್ಟಿನ ಜರಡಿಯನ್ನೂ ಫ್ರಾಕಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು. ಗಾಡಿಯ ಮೂತಿಯ ಸುತ್ತ ಮಾರು ದೂರದವರೆಗೆ ತೆಳ್ಳಗೆ, ಬಿಳೀ ದುಪ್ಪಟಿ ಹಾಸಿದ ಹಾಗೆ ಪುಡಿ ಜರಡಿ ಹಿಡಿದಳು. ಈಗ ಯಾರೇ ಬಂದರೂ ಹೆಜ್ಜೆ ಬಿಟ್ಟೇ ಹೋಗಬೇಕು. ಪಂಕಜಜ್ಜಿಯದು ಅಗಲ ಪಾದ. ಅಜ್ಜಿಯ ಕಾಲ್ಬೆರಳಿಗೆ ಕಾಲುಂಗುರ. ಗುರುತು ಹಿಡಿಯುವುದು ಕಷ್ಟವೇನಲ್ಲ.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಳು.

ಬಿಳೀ ಪುಡಿ ಹಾಸಿದ್ದ ಹಾಗೇ ಇತ್ತು. ಒಂದು ಬೆಕ್ಕು ಮೂಲೆಯಲ್ಲಿ ನಡೆದು, ಏನೋ ನೆನಪಾದ ಹಾಗೆ ವಾಪಸು ಹೋಗಿತ್ತು. ಅಗಲ ಪಾದ ಇಲ್ಲ, ಕಾಲುಂಗುರ ಇಲ್ಲ. ಮನುಷ್ಯರ ಹೆಜ್ಜೆ ಒಂದೂ ಇಲ್ಲ.

ಆದರೆ ನಡುವೆ, ಅದೇ ಜಾಗದಲ್ಲಿ, ಕೆಂಪು ಇತ್ತು.

ಲಾಸ್ಯಳಿಗೆ ಮೈ ಜುಮ್ಮೆಂದಿತು. ದೆವ್ವ ಗಿವ್ವ ಇರಬಹುದೇ? ಕೂತು ಬಗ್ಗಿ ನೋಡಿದಳು. ಬಂಪರ್ ಹಿಡಿದುಕೊಂಡು ಕೈ ಮುಂದೆ ಚಾಚಿದಳು. ಟಪ್. ಮುಂಗೈ ಮೇಲೆ ಏನೋ ಬಿತ್ತು. ತಲೆ ಎತ್ತಿದರೆ, ಗಾಡಿಯ ಹೊಟ್ಟೆಯಡಿ ಕಪ್ಪು ರಬ್ಬರ್ ಪೈಪೊಂದರ ತುದಿಯಲ್ಲಿ ಇನ್ನೊಂದು ಕೆಂಪು ಹನಿ ಊದಿಕೊಳ್ಳುತ್ತಿತ್ತು.

ಬೆರಳಿನಲ್ಲಿ ಉಜ್ಜಿ ನೋಡಿದಳು. ಜಾರುತ್ತಿತ್ತು. ಮೂಸಿ ನೋಡಿದಳು. ಅರಿಶಿನವೂ ಅಲ್ಲ, ಸುಣ್ಣವೂ ಅಲ್ಲ. ಎಣ್ಣೆ.

ಇಷ್ಟು ದಿನ ಎಲ್ಲರೂ ನೆಲ ನೋಡಿದ್ದರು, ಪಕ್ಕದ ಮನೆ ನೋಡಿದ್ದರು. ಮುಟ್ಟಿ ನೋಡಿದವರು ಯಾರೂ ಇಲ್ಲ. ಮುಟ್ಟಬಾರದಲ್ಲ!

* * *

“ಮೇಲಿಂದ ಬಿತ್ತಾ?” ಅಜ್ಜಿ ನಂಬಲಿಲ್ಲ. ಬಿಳೀ ಪುಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಪುಡಿಯೆಲ್ಲ ಖಾಲಿ ಮಾಡ್ಬುಟ್ಯಲ್ಲೇ!” ಎಂದರು.

ಅಮ್ಮ ಗಾಡಿಯ ಬಾನೆಟ್ ಎತ್ತಿದಳು. ಯಾವಾಗಲೂ ಎಂಜಿನ್ ಆಯಿಲ್ ನೋಡುತ್ತಿದ್ದಳು, ರೇಡಿಯೇಟರ್ ನೀರು ನೋಡುತ್ತಿದ್ದಳು. ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಪುಟ್ಟ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಮಾತ್ರ ಗಾಡಿ ಬಂದಾಗಿನಿಂದ ಒಮ್ಮೆಯೂ ತಿರುಗಿಸಿರಲಿಲ್ಲ. ಈಗ ತಿರುಗಿಸಿದಳು. ತಳದಲ್ಲಿ ಒಂದು ಚಮಚದಷ್ಟು ಕೆಂಪು ಎಣ್ಣೆ ಉಳಿದಿತ್ತು.

“ಅಯ್ಯೋ, ಇದು ಸ್ಟೇರಿಂಗ್ ಹಗುರ ಮಾಡೋ ಎಣ್ಣೆ,” ಎಂದಳು, ತಲೆ ಮೇಲೆ ಕೈ ಹೊತ್ತು.

ತಿಂಡಿ ಹೊತ್ತಿಗೆ ಸ್ಕೂಟರಿನಲ್ಲಿ ಮುನಾವರ್ ಬಂದರು. ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಆ ರಬ್ಬರ್ ಪೈಪನ್ನು ಬಿಚ್ಚಿ ತೆಗೆದರು. ಬಗ್ಗಿಸಿ ತೋರಿಸಿದಾಗ ಅದರ ತುದಿಯಲ್ಲಿ ಉಗುರಿನುದ್ದ ಸೀಳು ಕಾಣಿಸಿತು.

“ಗಾಡಿಗೆ ವಯಸ್ಸಾಗಿದೆ ಮೇಡಂ, ರಬ್ಬರ್ ಒಣಗಿದೆ. ಎಣ್ಣೆ ಸೋರಿ ಸ್ಟೇರಿಂಗ್ ಪಂಪ್ ಗಾಳಿ ಕುಡೀತಿತ್ತು. ಅದಕ್ಕೇ ಅರಚ್ಕೊಂಡಿದ್ದು. ಹಿಂಗೇ ಬೆಟ್ಟ ಹತ್ತಿದ್ರೆ...” ಎಂದು ನಿಲ್ಲಿಸಿ, ಅಜ್ಜಿಯ ಮುಖ ನೋಡಿ, “ಏನೂ ಆಗ್ತಿರ್ಲಿಲ್ಲ ಬಿಡಿ ಅಮ್ಮ,” ಎಂದರು. ಏನಾಗುತ್ತಿತ್ತು ಎಂದು ಎಲ್ಲರಿಗೂ ಗೊತ್ತಾಯಿತು.

ಗಲಾಟೆ ಕೇಳಿ ಪಂಕಜಜ್ಜಿ ಹೊರಗೆ ಬಂದರು. ಹಿಂದೆ ತನ್ಮಯಿ. ಅವಳು ಗೇಟಿನಾಚೆಯೇ ನಿಂತಳು.

“ಏನಂತ್ರೀ ದಾಕ್ಷಾಯಣಮ್ಮನೋರೇ?”

“ಗಾಡಿ ಎಣ್ಣೆ ಸೋರ್ತಿತ್ತಂತೆ ಪಂಕಜಮ್ಮನೋರೇ. ಕೆಂಪಗೆ.”

“ಓ, ಎಣ್ಣೆನಾ! ನಾನೂ ಅದೇ ಅಂದ್ಕೊಂಡೆ, ಎಣ್ಣೆನೇ ಇರ್ಬೇಕು ಅಂತ.”

“ನಾನೂ ಅಷ್ಟೇ ಕಣ್ರೀ. ಬೇರೆ ಏನಿರತ್ತೆ?”

ಇಬ್ಬರು ಅಜ್ಜಿಯರೂ ಮುಖ ಮುಖ ನೋಡಿಕೊಂಡು ನಕ್ಕರು. ಒಬ್ಬರು ಕಾಫಿ ಕುಡಿತೀರಾ ಎಂದರು, ಇನ್ನೊಬ್ಬರು ಈಗಷ್ಟೇ ಆಯ್ತು ಎಂದರು. ಮುಗಿದೇ ಹೋಯಿತು! ಲಾಸ್ಯ ಬಾಯಿ ಬಿಟ್ಟುಕೊಂಡು ನೋಡಿದಳು. ಅವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು, ಮನಸ್ಸಿನಲ್ಲೇ ಒರೆಸಿಹಾಕಿದರು. ತಾನು ಇಡೀ ಕ್ಲಾಸಿಗೆ ಹಂಚಿದ್ದೇನಲ್ಲ, ಅದನ್ನು ಒರೆಸುವುದು ಹೇಗೆ?

ಅವಳು ಗೇಟಿನ ಹತ್ತಿರ ಹೋದಳು. “ಸಾರಿ ಕಣೇ,” ಎಂದಳು.

ತನ್ಮಯಿ ಗೇಟಿನ ಕಂಬಿ ಉಜ್ಜುತ್ತಾ ನಿಂತಿದ್ದಳು.

“ಲಾಸ್ಯ, ಬಾ ಇಲ್ಲಿ, ಕೆಲಸ ಇದೆ,” ಎಂದು ಅಮ್ಮ ಕರೆದಳು.

* * *

ಹೊಸ ಪೈಪು ಕೂತಿತ್ತು. ಬಾಟಲಿಗೆ ಹೊಸ ಎಣ್ಣೆ ಬಿದ್ದಿತ್ತು. ಆದರೆ ಒಳಗೆ ಸೇರಿಕೊಂಡ ಗಾಳಿ ಹೊರಗೆ ಬರಬೇಕಿತ್ತು.

“ಎಂಜಿನ್ ಆಫ್ ಇರ್ಲಿ,” ಎಂದರು ಮುನಾವರ್. “ಸ್ಟೇರಿಂಗ್ ಪೂರಾ ಎಡಕ್ಕೆ, ಪೂರಾ ಬಲಕ್ಕೆ. ನಿಧಾನಕ್ಕೆ. ತುದಿಗೆ ಹೋದ್ಮೇಲೆ ಅದುಮಿ ಹಿಡೀಬಾರ್ದು. ಬಾಟಲಲ್ಲಿ ಬಬಲ್ಸ್ ಬರ್ತವೆ. ಬರೋದು ನಿಲ್ಲೋವರೆಗೂ ತಿರುಗಿಸ್ತಾನೇ ಇರ್ಬೇಕು.”

“ನಾನು ತಿರುಗಿಸ್ತೀನಿ!” ಎಂದು ಲಾಸ್ಯ ಡ್ರೈವರ್ ಸೀಟು ಹತ್ತಿಬಿಟ್ಟಳು. ಚಕ್ರ ನೆಲ ಬಿಟ್ಟಿದ್ದರಿಂದ, ಪೂರ್ತಿ ಬಲ ಹಾಕಿದರೆ ತಿರುಗುತ್ತಿತ್ತು.

ಮುನಾವರ್ ಪೈಪಿನ ಕ್ಲಿಪ್ಪಿನ ಮೇಲೆ ಕೈಯಿಟ್ಟು ಎಲ್ಲಿಯಾದರೂ ಸೋರುತ್ತಿದೆಯಾ ಎಂದು ನೋಡುತ್ತಿದ್ದರು. ಅಮ್ಮ ಎಣ್ಣೆಯ ಡಬ್ಬಿ ಹಿಡಿದಿದ್ದಳು. “ಬಾಟಲಿ ನೋಡೋಕೆ ಒಂದು ಜೊತೆ ಚುರುಕು ಕಣ್ಣು ಬೇಕಲ್ಲ,” ಎಂದು ಸುತ್ತ ನೋಡಿದಳು. ಅವಳಿಗೆ ಶಾಲೆಯ ಸುದ್ದಿ ಗೊತ್ತಿರಲಿಲ್ಲ. “ತನ್ಮಯಿ, ಬಾಮ್ಮ ಪುಟ್ಟ, ನೀನು ನೋಡಿ ಹೇಳು.”

ತನ್ಮಯಿ ಒಂದು ಗಳಿಗೆ ಹಿಂಜರಿದಳು. ಆಮೇಲೆ ಗೇಟು ತೆಗೆದು ಬಂದಳು.

ಎತ್ತಿದ ಬಾನೆಟ್ಟು ಗೋಡೆಯ ಹಾಗೆ ನಡುವೆ ನಿಂತಿತ್ತು. ಲಾಸ್ಯಳಿಗೆ ಬಾಟಲಿ ಕಾಣದು, ತನ್ಮಯಿಯೂ ಕಾಣಳು. ದನಿ ಮಾತ್ರ ಕೇಳುತ್ತಿತ್ತು.

“ಬರ್ತಿದೆ,” ಎಂದಳು ತನ್ಮಯಿ. “ತುಂಬಾ ಬರ್ತಿದೆ. ತಿರುಗಿಸು.”

ಲಾಸ್ಯ ಎಡಕ್ಕೆ ತಿರುಗಿಸಿದಳು. ಬಲಕ್ಕೆ ತಿರುಗಿಸಿದಳು. ಮತ್ತೆ ಎಡಕ್ಕೆ.

“ಇನ್ನೂ ಇದೆ.”

ತೋಳು ನೋಯತೊಡಗಿತು. ಅಂಗೈ ಕೆಂಪಾಯಿತು.

“ಈಗ?”

“ಇನ್ನೂ ಇದೆ.”

ಲಾಸ್ಯಳ ತಲೆಯೊಳಗೆ ಹಳೇ ಅನುಮಾನದ ಹುಳು ಹರಿದಾಡಿತು. ನಿಜವಾಗಿಯೂ ಇದೆಯಾ? ಸೇಡು ತೀರಿಸಿಕೊಳ್ಳುತ್ತಿದ್ದಾಳಾ? ಇಳಿದು ಹೋಗಿ ಒಂದು ಸಲ ಇಣುಕಿದರೆ ಗೊತ್ತಾಗಿಬಿಡುತ್ತದೆ. ಕೈ ತಾನಾಗಿ ಬಾಗಿಲ ಹಿಡಿಯ ಮೇಲೆ ಹೋಯಿತು.

ಅಷ್ಟರಲ್ಲಿ ಬಾನೆಟ್ಟಿನ ಆಚೆಯಿಂದ ಮೆಲ್ಲಗೆ ದನಿ ಬಂತು. “ನಾಳೆ ಕ್ಲಾಸಲ್ಲಿ ಹೇಳ್ತೀಯಾ?”

ಲಾಸ್ಯಳ ಕೈ ಹಿಡಿಯ ಮೇಲೆಯೇ ಇತ್ತು. ಲಿಖಿತ್ ನಗುವುದು, ರಕ್ಷಿತಾ ಬಾಯಿ ಮುಚ್ಚಿಕೊಳ್ಳುವುದು, ಎಲ್ಲ ಕಣ್ಣೂ ತನ್ನ ಮೇಲೆ ಬೀಳುವುದು, ಎಲ್ಲ ಈಗಲೇ ಕಂಡ ಹಾಗಾಯಿತು.

“ಹೇಳ್ತೀನಿ.”

“ಎಲ್ಲರ ಮುಂದೆ?”

“ಎಲ್ಲರ ಮುಂದೆ. ನಿಮ್ಮಜ್ಜಿ ಏನೂ ಮಾಡಿರ್ಲಿಲ್ಲ, ನಾನೇ ತಪ್ಪು ಹೇಳ್ದೆ ಅಂತ.”

ಈಗ ಪ್ರಾಮಿಸ್ ಕೇಳುತ್ತಾಳೆ, ಗಾಡ್ ಪ್ರಾಮಿಸ್ ಕೇಳುತ್ತಾಳೆ ಎಂದು ಲಾಸ್ಯ ಕಾದಳು. ಮುಖ ಕೂಡ ಕಾಣುತ್ತಿಲ್ಲ, ಕೇಳದೆ ಹೇಗೆ ನಂಬುತ್ತಾಳೆ?

“ಸರಿ,” ಎಂದಳು ತನ್ಮಯಿ. ಅಷ್ಟೆ. “ಇನ್ನೂ ಸ್ವಲ್ಪ ಬಬಲ್ಸ್ ಇದೆ ಕಣೇ. ತಿರುಗಿಸು.”

ಲಾಸ್ಯ ಬಾಗಿಲ ಹಿಡಿಯಿಂದ ಕೈ ತೆಗೆದಳು. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಳು. ಎಡಕ್ಕೆ, ಬಲಕ್ಕೆ. ತೋಳು ಸೋತು ಬರುತ್ತಿತ್ತು. ಆದರೂ ಎಷ್ಟು ಸಲ ಆಯಿತೆಂದು ಅವಳು ಎಣಿಸಲಿಲ್ಲ.

“ನಿಂತು ಹೋಯ್ತು!” ತನ್ಮಯಿ ಕೂಗಿದಳು. “ಒಂದೂ ಇಲ್ಲ!”

ಅಮ್ಮ ಬಾನೆಟ್ಟಿನ ಪಕ್ಕದಿಂದ ತಲೆ ಹೊರಹಾಕಿದಳು. ಅವಳ ಮೂಗಿಗೆ ಎಣ್ಣೆ ಮೆತ್ತಿತ್ತು. “ಏನಂತೆ ಲಾಸ್ಯ? ಸ್ಟಾರ್ಟ್ ಮಾಡೋಣ್ವಾ? ಬಬಲ್ಸ್ ಪೂರ್ತಿ ನಿಂತಿದ್ಯಾ, ನೀನೂ ಒಂದ್ಸಲ ಇಳಿದು ನೋಡ್ತೀಯಾ?”

“ಬೇಡಮ್ಮ,” ಎಂದಳು ಲಾಸ್ಯ. “ತನ್ಮಯಿ ನೋಡಿದಾಳೆ.”